ಮೂರು ಮಳೆಗಾಲ, 220 ಗಂಟೆ: ಆರ್‌ಝಡ್‌ಆರ್ 570ಗೆ ಹಾಕಿಸಿದ ಸೈಲೆನ್ಸರ್, ಮ್ಯಾಪ್, ಕ್ಲಚ್

ಗಾಡಿ ಪೊಲಾರಿಸ್ ಆರ್‌ಝಡ್‌ಆರ್ 570, ಗುಡ್ಡ-ಕೆಸರಿನಲ್ಲಿ ಓಡಿಸಲು ಮಾಡಿದ, ಇಬ್ಬರು ಕೂರುವ ನಾಲ್ಕು ಚಕ್ರದ ಗಾಡಿ. 567 ಸಿಸಿ, ಒಂದೇ ಸಿಲಿಂಡರು, ಕಂಪನಿ ಲೆಕ್ಕದಲ್ಲಿ 45 ಎಚ್‌ಪಿ, 50 ಇಂಚು ಅಗಲ. 2022ರ ದೀಪಾವಳಿ ಮುಗಿದ ಮೇಲೆ ಸೆಕೆಂಡ್ ಹ್ಯಾಂಡ್ ತಗೊಂಡೆ. ಅವತ್ತು ಎಂಜಿನ್ ಓಡಿದ ಗಂಟೆ ಎಣಿಸುವ ಅವರ್ ಮೀಟರ್ 340 ತೋರಿಸುತ್ತಿತ್ತು, ಈಗ 560 ದಾಟಿದೆ. ರಸ್ತೆಗೆ ಇಳಿಸುವ ಗಾಡಿ ಅಲ್ಲ ಇದು, ನಂಬರ್ ಪ್ಲೇಟೂ ಇಲ್ಲ. ಪುಣೆ ಪಕ್ಕದ ಭೋಸರಿಯಿಂದ ಛೋಟಾ ಹಾಥಿ (ಟಾಟಾ ಏಸ್) ಮೇಲೆ ಹೇರಿಕೊಂಡು ಮುಳಶಿ ಕಡೆ ಇರುವ ಮಾವನವರ ಜಮೀನಿಗೆ ಒಯ್ಯುತ್ತೇನೆ. ಅಲ್ಲಿ ಗುಡ್ಡ, ಗರಸು, ಒಂದು ಹಳ್ಳ, ಮಳೆಗಾಲದಲ್ಲಿ ಮೊಳಕಾಲುದ್ದ ಕೆಸರು. ಓಡಿಸಿದ್ದೆಲ್ಲ ಅಲ್ಲೇ.

ಪುಣೆಯಲ್ಲಿ ಇಂಥ ಗಾಡಿ ಇಟ್ಟ ನಮ್ಮವರು ಐದಾರು ಜನ ಇದ್ದೇವೆ. ಹೊಸದಾಗಿ ತಗೊಂಡವರೆಲ್ಲ ಕೇಳುವುದು ಒಂದೇ ಪ್ರಶ್ನೆ: ಯಾವ ಎಗ್ಸಾಸ್ಟ್ ಹಾಕಿಸಲಿ? ನಾನೂ ಅಲ್ಲಿಂದಲೇ ಶುರು ಮಾಡಿದವನು. ಈಗ ಕೇಳಿದರೆ ಎಗ್ಸಾಸ್ಟನ್ನು ಪಟ್ಟಿಯ ಕೊನೆಯಲ್ಲಿ ಬರೆಯುತ್ತೇನೆ. ಯಾಕೆ ಅನ್ನುವುದನ್ನು ಹೇಳಲಿಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಜಮೀನಿನಲ್ಲಿ ಸುಮಾರು 160 ಮೀಟರಿನ ಒಂದು ಏರು ಇದೆ. ಕೆಳಗೆ ಮಾವಿನ ಮರ, ಮೇಲೆ ನೀರಿನ ಟಾಕಿ. ಟೈರಿನ ಗಾಳಿ ಪ್ರತಿಸಲ ಅಷ್ಟೇ ಇಟ್ಟು, ಒಬ್ಬನೇ ಕೂತು, ನಿಂತಲ್ಲಿಂದ ಪೂರ್ತಿ ಆಕ್ಸಿಲರೇಟರ್ ಒತ್ತಿ ಹತ್ತತ್ತು ಸಲ ಹತ್ತಿಸಿ ಸರಾಸರಿ ತೆಗೆದಿದ್ದೇನೆ. ಕಂಪನಿ ಸೈಲೆನ್ಸರ್ ಇದ್ದಾಗ 19.5 ಸೆಕೆಂಡು. ಹೊಸ ಸೈಲೆನ್ಸರ್ ಮಾತ್ರ ಹಾಕಿದಾಗ 19.6. ಇಂಧನದ ಮ್ಯಾಪ್, ಅಂದರೆ ಯಾವಾಗ ಎಷ್ಟು ಪೆಟ್ರೋಲ್ ಅನ್ನುವ ಕೋಷ್ಟಕ, ಮಾಡಿಸಿದ ಮೇಲೆ 18.7. ಕ್ಲಚ್ಚಿನ ತೂಕ ಬದಲಿಸಿದ ಮೇಲೆ 17.1. ಖರ್ಚು ನೋಡಿದರೆ ಇದು ಸರಿಯಾಗಿ ತಲೆಕೆಳಗು: ಸೈಲೆನ್ಸರಿಗೆ ಎಲ್ಲಕ್ಕಿಂತ ಹೆಚ್ಚು, ಕ್ಲಚ್ಚಿಗೆ ಎಲ್ಲಕ್ಕಿಂತ ಕಡಿಮೆ.

ಸೈಲೆನ್ಸರ್ ಅಮೆರಿಕದಿಂದ ತರಿಸಿದ್ದು, ಸ್ಲಿಪ್-ಆನ್. ಅಂದರೆ ಎಂಜಿನ್ನಿಂದ ಬರುವ ಹೆಡರ್ ಪೈಪ್ ಹಳೆಯದೇ, ಹಿಂದಿನ ಡಬ್ಬಿ ಮಾತ್ರ ಹೊಸದು. ಸಾಗಣೆ, ಸುಂಕ, ತೆರಿಗೆ ಸೇರಿ ಕೈಗೆ ಬರುವ ಹೊತ್ತಿಗೆ ಅಲ್ಲಿನ ಬೆಲೆಯ ಹೆಚ್ಚುಕಡಿಮೆ ದುಪ್ಪಟ್ಟಾಯಿತು. ಹೆಡರ್ ಸಹಿತ ಫುಲ್ ಸಿಸ್ಟಮ್ ತರಿಸುವ ಆಸೆ ಇತ್ತು, ಬಿಟ್ಟೆ. ಒಂದೇ ಸಿಲಿಂಡರಿನ ಎಂಜಿನ್ನಿನಲ್ಲಿ ಹೆಡರಿನ ಉದ್ದ, ವ್ಯಾಸ ಬದಲಾದರೆ ಜೋರು ಸಿಗುವ ಆರ್‌ಪಿಎಂ ಬದಲಾಗುತ್ತದೆ. ಅಗಲದ ಪೈಪು ಮೇಲಿನ ಆರ್‌ಪಿಎಂನಲ್ಲಿ ಕೊಟ್ಟದ್ದನ್ನು ಕೆಳಗಿನದರಲ್ಲಿ ಕಿತ್ತುಕೊಳ್ಳುತ್ತದೆ. ಕಲ್ಲು ಹತ್ತುವವರಿಗೆ ಬೇಕಾದ್ದು ಆ ಕೆಳಗಿನ ಎಳೆತ. ಹೆಡರ್ ಮೇಲಿದ್ದ ಕಂಪನಿಯ ಶಾಖದ ತಗಡೂ ಹಾಗಾಗಿ ಉಳಿಯಿತು. ಅದರ ಬೆಲೆ ಆಮೇಲೆ ತಿಳಿಯಿತು, ಅದನ್ನೂ ಹೇಳುತ್ತೇನೆ.

ಹಾಕಿದ ಮೊದಲ ದಿನ ಖುಷಿಯೋ ಖುಷಿ. ಗಂಭೀರ ಸದ್ದು, ತೂಕದಲ್ಲಿ ಮೂರೂವರೆ ಕೇಜಿ ಇಳಿತ. ಎರಡನೇ ವಾರ ಆಕ್ಸಿಲರೇಟರ್ ಬಿಟ್ಟಾಗಲೆಲ್ಲ ಹಿಂದೆ ಪಟಪಟ ಸಿಡಿಯತೊಡಗಿತು. ಹೆಡರ್ ಪೈಪು ನೀಲಿಗಟ್ಟಿತು. ಭೋಸರಿಯಲ್ಲಿ ನಮ್ಮ ಮೇಸ್ತ್ರಿ ಇದ್ದಾರೆ, ಗದಗ ಕಡೆಯವರು. ಪ್ಲಗ್ ಬಿಚ್ಚಿ ಅಂಗೈ ಮೇಲಿಟ್ಟು ತೋರಿಸಿದರು. ಪಿಂಗಾಣಿ ಸುಣ್ಣದ ಹಾಗೆ ಬಿಳಿ.

“ಅಣ್ಣಾರ, ಇದಕ್ಕ ಪೆಟ್ರೋಲ್ ಸಾಲವಲ್ದು. ಸೌಂಡ್ ಹೆಚ್ಚಾಗೇತಿ, ಜೋರ್ ಹೆಚ್ಚಾಗಿಲ್ರಿ.”

ಕಾರಣ ಸರಳ. ಈ ಎಂಜಿನ್ನಿನ ಕಂಪ್ಯೂಟರಿಗೆ ಎಗ್ಸಾಸ್ಟಿನಲ್ಲಿ ಆಕ್ಸಿಜನ್ ಸೆನ್ಸರ್ ಇಲ್ಲ. ಥ್ರಾಟಲ್ ಎಷ್ಟು ತೆರೆದಿದೆ, ಒಳಗಿನ ಗಾಳಿಯ ಒತ್ತಡ, ಉಷ್ಣಾಂಶ, ಆರ್‌ಪಿಎಂ ಇಷ್ಟನ್ನು ನೋಡಿ, ಕಾರ್ಖಾನೆಯಲ್ಲಿ ಬರೆದಿಟ್ಟ ಕೋಷ್ಟಕದ ಪ್ರಕಾರ ಪೆಟ್ರೋಲ್ ಸುರಿಯುತ್ತದೆ. ಹೊಗೆ ಸಲೀಸಾಗಿ ಹೊರಹೋಗತೊಡಗಿದಾಗ ಸಿಲಿಂಡರಿಗೆ ಗಾಳಿ ಹೆಚ್ಚು ಬರುತ್ತದೆ, ಕೋಷ್ಟಕಕ್ಕೆ ಅದು ಗೊತ್ತಾಗುವುದಿಲ್ಲ. ಮಿಶ್ರಣ ತೆಳುವಾಗುತ್ತದೆ, ಉರಿ ಹೆಚ್ಚುತ್ತದೆ. ಇಷ್ಟಕ್ಕೇ ಬಿಟ್ಟು ಬೇಸಿಗೆಯಲ್ಲಿ ಏರು ಹತ್ತಿಸುತ್ತ ಹೋದರೆ ವಾಲ್ವು, ಪಿಸ್ಟನ್ ಸುಡುವುದು ಬರೀ ಕಾಲದ ಪ್ರಶ್ನೆ.

ಹೆಡರಿಗೆ ಒಂದು ನಟ್ಟು ವೆಲ್ಡ್ ಮಾಡಿಸಿ, ಹೊಗೆಯಲ್ಲಿನ ಆಕ್ಸಿಜನ್ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ಕೂರಿಸಿದೆವು. ಪೂರ್ತಿ ಆಕ್ಸಿಲರೇಟರಿನಲ್ಲಿ ಲ್ಯಾಂಬ್ಡಾ 0.98 (ಗಾಳಿಗೆ ಪೆಟ್ರೋಲ್ ಸರಿಯಾಗಿ ಹೊಂದಿದ್ದರೆ 1, ಪೆಟ್ರೋಲ್ ಹೆಚ್ಚಾದಷ್ಟೂ ಕಡಿಮೆ). ಎಳೆಯುವ ಹೊತ್ತಿನಲ್ಲಿ ನಮಗೆ ಬೇಕಾದ್ದು 0.88ರ ಆಸುಪಾಸು. ಇಂಜೆಕ್ಟರ್ ವೈರಿನ ನಡುವೆ ಕೂರುವ ಫ್ಯೂಯಲ್ ಕಂಟ್ರೋಲರ್ ಹಾಕಿ, ಎರಡು ಶನಿವಾರ ಲ್ಯಾಪ್‌ಟಾಪ್ ತೊಡೆ ಮೇಲಿಟ್ಟುಕೊಂಡು ಒಂದೊಂದು ಖಾನೆಯಾಗಿ ತಿದ್ದಿದೆವು. ಕಂಟ್ರೋಲರಿನ ಜೊತೆ ಬಂದಿದ್ದ ರೆಡಿಮೇಡ್ ಮ್ಯಾಪ್ ನಮ್ಮ ಗಾಡಿಗೆ ಹೊಂದಲೇ ಇಲ್ಲ, ನಡುವಿನ ಆರ್‌ಪಿಎಂನಲ್ಲಿ ಪೆಟ್ರೋಲ್ ಉಕ್ಕಿ ಕಪ್ಪು ಹೊಗೆ ಬಿಡುತ್ತಿತ್ತು. ಆ ಕಂಪನಿಗೆ ಮೂರು ಮೇಲ್ ಹಾಕಿದೆ, ಉತ್ತರವಿಲ್ಲ. ವೈಡ್‌ಬ್ಯಾಂಡ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಇಲ್ಲಿ ನಮ್ಮ ದೇಶದ ಒಂದು ವಿಷಯ ಸೇರಿಕೊಳ್ಳುತ್ತದೆ. ಶೇ. 20 ಎಥನಾಲ್ ಬೆರೆತ ಇ20 ಪೆಟ್ರೋಲ್ (ಶೇ. 10 ಇದ್ದರೆ ಇ10) 2023ರ ಫೆಬ್ರವರಿಯಲ್ಲಿ ಬಿಡುಗಡೆಯಾಯಿತು, 2025ರ ಹೊತ್ತಿಗೆ ಬಂಕುಗಳಲ್ಲಿ ಅದೇ ಮಾಮೂಲಾಯಿತು. ಎಥನಾಲ್ ತನ್ನೊಳಗೇ ಆಮ್ಲಜನಕ ಹೊತ್ತು ತರುತ್ತದೆ. ಅದಕ್ಕೇ ಅಷ್ಟೇ ಗಾಳಿಗೆ ಇ10ಕ್ಕಿಂತ ಇ20 ಸುಮಾರು ಶೇ. 4ರಷ್ಟು ಹೆಚ್ಚು ಬೇಕು. ಸೆನ್ಸರ್ ಇರುವ ಕಾರು ತಾನೇ ಸರಿಮಾಡಿಕೊಳ್ಳುತ್ತದೆ, ನಮ್ಮ ಗಾಡಿಗೆ ಆ ಬುದ್ಧಿ ಇಲ್ಲ. 2023ರಲ್ಲಿ 0.88ಕ್ಕೆ ತಂದಿಟ್ಟದ್ದು 2025ರ ಏಪ್ರಿಲ್‌ನಲ್ಲಿ 0.92ಕ್ಕೆ ಜಾರಿತ್ತು. ಮತ್ತೆ ಶೇ. 4 ಏರಿಸಿದೆ. ಮೀಟರಿನಲ್ಲಿ 14.7, 13 ಅಂತ ಬರುವ ಗಾಳಿ-ಪೆಟ್ರೋಲ್ ಅನುಪಾತ ಶುದ್ಧ ಪೆಟ್ರೋಲಿನ ಲೆಕ್ಕದ್ದು. ಇ20 ಇರುವಾಗ ಅದನ್ನು ಬಿಟ್ಟು ಲ್ಯಾಂಬ್ಡಾ ಮಾತ್ರ ನೋಡಿ. ಗಾಡಿ ತಿಂಗಳುಗಟ್ಟಲೆ ನಿಲ್ಲುವುದಾದರೆ ಟ್ಯಾಂಕು ಬಸಿಯಿರಿ. ಎಥನಾಲ್ ತೇವ ಹೀರುತ್ತದೆ, ಮುಳಶಿಯ ಜುಲೈ ಅಂದರೆ ಗೋಡೆಯೇ ಬೆವರುವ ತಿಂಗಳು.

ಇನ್ನು ಕ್ಲಚ್. ನನಗೆ ಅತಿ ತಡವಾಗಿ ಅರ್ಥವಾದದ್ದು ಇದು. ಈ ಗಾಡಿಗೆ ಮುಂದಕ್ಕೆ ಹೈ, ಲೋ ಬಿಟ್ಟರೆ ಬೇರೆ ಗೇರಿಲ್ಲ, ಬೆಲ್ಟ್ ಇರುವ ಸಿವಿಟಿ. ಮುಂದಿನ ಕ್ಲಚ್ಚಿನೊಳಗಿನ ತೂಕದ ತುಂಡುಗಳು ತಿರುಗುವ ಜೋರಿಗೆ ಹೊರಕ್ಕೆ ಹಾರಿ ಪುಲ್ಲಿಯನ್ನು ಒತ್ತುತ್ತವೆ, ಬೆಲ್ಟ್ ಮೇಲೇರುತ್ತದೆ, ಅದೇ ಇದರ ಗೇರ್ ಬದಲಾವಣೆ. ತೂಕ ಹೆಚ್ಚಿದ್ದರೆ ಬೇಗ ಮೇಲಿನ ಗೇರಿಗೆ ಹೋಗಿ ಎಂಜಿನ್ ತಿಣುಕುತ್ತದೆ. ತೂಕ ಕಡಿಮೆಯಾದರೆ ಎಂಜಿನ್ ಚೀರುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಎಂಜಿನ್ ಅತಿ ಹೆಚ್ಚು ಜೋರು ಕೊಡುವ ಆರ್‌ಪಿಎಂನಲ್ಲಿ ಅದನ್ನು ಹಿಡಿದಿಡುವುದೇ ಇಲ್ಲಿನ ಕೆಲಸ.

ಕಂಪನಿ ಟೈರು 25 ಇಂಚಿನದು. ಹಿಂದಿನ ಮಾಲೀಕರು 27 ಹಾಕಿಸಿದ್ದರು. ಅಂದರೆ ಶೇ. 8ರಷ್ಟು ಹೊರೆ ನಾನು ಕೊಳ್ಳುವ ಮೊದಲೇ ಏರಿತ್ತು. ಏರಿನಲ್ಲಿ ಗಾಡಿ ಏದುಸಿರು ಬಿಡುತ್ತಿದ್ದದ್ದು ಸೈಲೆನ್ಸರಿನ ದೋಷ ಅಂತ ನಾನು ಒಂದೂವರೆ ವರ್ಷ ನಂಬಿದ್ದೆ. 2024ರ ಮೇ ತಿಂಗಳಲ್ಲಿ ಬೆಲ್ಟ್ ತುಂಡಾದಾಗ ಕ್ಲಚ್ಚಿನ ಕವರ್ ಬಿಚ್ಚಿದೆವು. ಒಳಗೆ ಗಿರಣಿಯಲ್ಲಿ ಹಿಟ್ಟು ಕೂತ ಹಾಗೆ ಕಪ್ಪು ರಬ್ಬರ್ ಪುಡಿ. ಉಳಿದ ಬೆಲ್ಟಿನ ಅಂಚು ಕನ್ನಡಿಯಂತೆ ಮಿನುಗುತ್ತಿತ್ತು, ಉಗುರು ಹಾಕಿದರೂ ಗೆರೆ ಬೀಳಲಿಲ್ಲ. ಬೆಲ್ಟ್ ಜಾರಿ ಜಾರಿ ಬೆಂದಿತ್ತು. ಹಗುರ ತೂಕ, ಸ್ವಲ್ಪ ಬಿಗಿಯ ಸ್ಪ್ರಿಂಗ್, ಹೊಸ ಬೆಲ್ಟ್ ಹಾಕಿದೆವು. ಮೇಸ್ತ್ರಿ ಪುಲ್ಲಿಯ ಮುಖವನ್ನು ಒರಟು ಬಟ್ಟೆಯಿಂದ ಉಜ್ಜಿ, ಬೆರಳ ತುದಿಯಿಂದ ಮುಟ್ಟಿ ಮುಟ್ಟಿ ನೋಡಿದ ಮೇಲೇ ಬೆಲ್ಟ್ ಏರಿಸಿದರು. ಆವತ್ತು ಸಂಜೆ ಟಾಕಿಯ ಹತ್ತಿರ ನಿಂತಿದ್ದ ಮಗಳು ಸ್ಟಾಪ್‌ವಾಚ್ ನೋಡಿ “ಅಪ್ಪಾ, ಹದಿನೇಳು!” ಅಂತ ಕೂಗಿದಳು. ಹಾಗೆ ಕೂಗಿಸುವ ಕೆಲಸ ಸೈಲೆನ್ಸರಿನಿಂದ ಆಗಿರಲಿಲ್ಲ.

ಹಳ್ಳ ದಾಟುವವರು ಕ್ಲಚ್ಚಿನ ಡಬ್ಬಿಗೆ ನೀರು ಹೋದದ್ದನ್ನು ಅಸಡ್ಡೆ ಮಾಡಬೇಡಿ. ನಿಲ್ಲಿಸಿ, ಡ್ರೇನ್ ಬಿಚ್ಚಿ ನೀರು ಬಸಿದು, ನ್ಯೂಟ್ರಲ್‌ನಲ್ಲಿ ರೇಸ್ ಕೊಟ್ಟು ಒಣಗಿಸಿ. ಕಲ್ಲು, ಏರು ಬಂದರೆ ಲೋ ಗೇರಿಗೆ ಹಾಕಿ. ಹೈನಲ್ಲಿ ನಿಧಾನ ತೆವಳುವುದೇ ಬೆಲ್ಟಿನ ಶತ್ರು.

ಏರ್ ಫಿಲ್ಟರ್ ಬಗ್ಗೆ ಎರಡೇ ಮಾತು. ಗಾಳಿ ಹೆಚ್ಚು ಬರಲಿ ಅಂತ ಎಣ್ಣೆ ಹಚ್ಚುವ ಹತ್ತಿ ಫಿಲ್ಟರ್ ಹಾಕಿ, ಮಾರ್ಚ್ ತಿಂಗಳ ಧೂಳಿನಲ್ಲಿ ಓಡಿಸಿ, ಇನ್‌ಟೇಕ್ ಒಳಗೆ ಬಿಳಿ ಬಟ್ಟೆ ಆಡಿಸಿದೆ, ಕೆಂಪಾಗಿ ಬಂತು. ಅವತ್ತೇ ತೆಗೆದು ಕಾಗದದ ಫಿಲ್ಟರಿಗೆ ವಾಪಸ್ ಬಂದೆ, ಮೇಲೊಂದು ಪ್ರೀ-ಫಿಲ್ಟರ್, ಅಂಚಿಗೆ ಗ್ರೀಸು.

ಸದ್ದಿನ ವಿಷಯಕ್ಕೆ ಬರುತ್ತೇನೆ. ಡಬ್ಬಿಯ ಜೊತೆ ಒಂದು ಸ್ಪಾರ್ಕ್ ಅರೆಸ್ಟರ್ ಬಂದಿತ್ತು, ಇಂಗಾಲದ ಕಿಡಿ ಹಿಡಿಯುವ ಸ್ಟೀಲ್ ಜಾಲರಿ. ಉಸಿರು ಕಟ್ಟುತ್ತದೆ ಅಂತ ಯಾರೋ ಹೇಳಿದ್ದಕ್ಕೆ ಬಿಚ್ಚಿಟ್ಟಿದ್ದೆ. ಅರ್ಧ ಮೀಟರ್ ದೂರದಲ್ಲಿ ಮೀಟರ್ ಹಿಡಿದರೆ 101 ಡೆಸಿಬೆಲ್. ಕಂಪನಿಯದ್ದು 87 ಇತ್ತು. ಕ್ಯಾಲಿಫೋರ್ನಿಯಾದಲ್ಲಿ ಇಂಥ ಗಾಡಿಗಳಿಗೆ ಇದೇ ರೀತಿ ಅಳೆದು 96ರ ಮಿತಿ ಇಟ್ಟಿದ್ದಾರೆ. ನಮ್ಮ ಬೇಲಿಯಾಚೆ ಎಮ್ಮೆ ಕಟ್ಟಿರುವ ಕಾಕಾ ಒಂದು ಭಾನುವಾರ ಬಂದು ಮರಾಠಿಯಲ್ಲಿ ಮೆಲ್ಲಗೆ ಹೇಳಿದರು: “ಸಾಹೇಬ, ನಿಮ್ಮ ಗಾಡಿ ಬಂದ ದಿನ ಎಮ್ಮೆ ಸಂಜೆ ಸೊರೆಬಿಡುವುದಿಲ್ಲ.” ಜಗಳ ಮಾಡಿದ್ದರೆ ನಾನೂ ಏನೋ ಅನ್ನುತ್ತಿದ್ದೆ. ಅವರು ಹಾಗೆ ಹೇಳಿದ್ದಕ್ಕೆ ಮಾತೇ ಹೊರಡಲಿಲ್ಲ. ಮರುದಿನವೇ ಜಾಲರಿ, ಸದ್ದು ತಗ್ಗಿಸುವ ಇನ್ಸರ್ಟ್ ಎರಡನ್ನೂ ಹಾಕಿಸಿ, ಮ್ಯಾಪ್ ಮತ್ತೆ ಪರೀಕ್ಷಿಸಿದೆ. 94ಕ್ಕೆ ಇಳಿಯಿತು. ಏರಿನ ಸಮಯದಲ್ಲಿ ಕಳೆದುಕೊಂಡದ್ದು ಸೆಕೆಂಡಿನ ಹತ್ತನೇ ಒಂದು ಭಾಗ.

ಜಾಲರಿ ಬೇಕೇ ಬೇಕು ಅನ್ನಲು ಇನ್ನೊಂದು ಕಾರಣ ಬೇಸಿಗೆ. ಏಪ್ರಿಲ್‌ನಲ್ಲಿ ಸೊಂಟದುದ್ದದ ಹುಲ್ಲು ಕಾಗದದಂತೆ ಒಣಗಿರುತ್ತದೆ, ಒಂದು ಕಿಡಿ ಸಾಕು. ಒಂದು ಮಧ್ಯಾಹ್ನ ಸುಟ್ಟ ವಾಸನೆ ಬಂದು ಇಳಿದು ನೋಡಿದರೆ ಹೆಡರಿನ ಶಾಖದ ತಗಡಿನ ಮೇಲೆ ಹಿಡಿಯಷ್ಟು ಹುಲ್ಲು ಸಿಕ್ಕಿ ಕಂದಾಗಿತ್ತು. ತಗಡು ಇಲ್ಲದಿದ್ದರೆ ಗುಡ್ಡಕ್ಕೆ ಗುಡ್ಡವೇ ಹೊತ್ತಿಕೊಳ್ಳುತ್ತಿತ್ತು. ಆಮೇಲೆ ಗಾಡಿಯಲ್ಲಿ ಎರಡು ಕೇಜಿಯ ಅಗ್ನಿಶಾಮಕ ಇಟ್ಟಿದ್ದೇನೆ.

ಬಾಳಿಕೆ ಹೇಗೆ ಅಂದರೆ, ಡಬ್ಬಿಯ ಸ್ಟೀಲ್ ಒಳ್ಳೆಯದು, ಮೂರು ಮಳೆಗಾಲ ಕಂಡರೂ ತುಕ್ಕಿಲ್ಲ. ಹಿಡಿದಿಡುವ ಬ್ರಾಕೆಟ್ ಮಾತ್ರ 140 ಗಂಟೆಗೆ ವೆಲ್ಡಿನ ಪಕ್ಕದಲ್ಲೇ ಬಿರುಕು ಬಿಟ್ಟಿತು. ಬದಲಿ ಬ್ರಾಕೆಟ್ ಕೇಳಿದರೆ ಪೂರ್ತಿ ಡಬ್ಬಿಯನ್ನೇ ಕೊಳ್ಳಿ ಅಂದರು. ಭೋಸರಿಯಲ್ಲಿ ಟಿಗ್ ವೆಲ್ಡರ್ ಒಬ್ಬರು 308ಎಲ್ ಸ್ಟೇನ್‌ಲೆಸ್ ಕಡ್ಡಿ ಹಾಕಿ ಬೆಸೆದು, ತ್ರಿಕೋನದ ಒಂದು ಆಧಾರ ಕೊಟ್ಟರು, ಅಲ್ಲಿಂದ ಅಲುಗಾಡಿಲ್ಲ. ಒಳಗಿನ ಗಾಜುನಾರಿನ ಪ್ಯಾಕಿಂಗ್ 90 ಗಂಟೆಗೆ ಕರಗಿ ಸದ್ದು ಏರಿತ್ತು, ಬದಲಿಸಿದೆ. ಹೆಡರ್ ಸೇರುವಲ್ಲಿನ ಗ್ಯಾಸ್ಕೆಟ್ ಎರಡು ಸಲ ಹೋಯಿತು. ಅಲ್ಲಿ ಗಾಳಿ ಸೋರಿದರೂ ಪಟಪಟ ಸದ್ದು ಬರುತ್ತದೆ, ಮ್ಯಾಪಿಗೆ ಕೈ ಹಾಕುವ ಮೊದಲು ಅದನ್ನು ನೋಡಿ.

ಹೈ-ಕಂಪ್ರೆಷನ್ ಪಿಸ್ಟನ್, ಕ್ಯಾಮ್ ಹಾಕಿಸಿಲ್ಲ, ಹಾಕಿಸುವುದೂ ಇಲ್ಲ. ಗುಡ್ಡದ ನಡುವೆ ಎಂಜಿನ್ ಸೀಜ್ ಆದರೆ ಎಳೆದು ತರುವವರು ಯಾರು?

ಈಗ ಹೊಸದಾಗಿ ಶುರು ಮಾಡುವುದಾದರೆ: ಫಿಲ್ಟರಿನ ಸೀಲು, ಟೈರಿಗೆ ತಕ್ಕ ಕ್ಲಚ್, ಒಳ್ಳೆಯ ಬೆಲ್ಟ್ ಎರಡು, ಆಮೇಲೆ ವೈಡ್‌ಬ್ಯಾಂಡ್ ಇಟ್ಟು ಮ್ಯಾಪ್. ಅಷ್ಟಾದ ಮೇಲೂ ದುಡ್ಡು, ಆಸೆ ಉಳಿದರೆ ಜಾಲರಿ ಇರುವ ಸ್ಲಿಪ್-ಆನ್. ನಾನು ಕೊಂಡ ಸೈಲೆನ್ಸರಿಗೆ ಐದಕ್ಕೆ ಮೂರು ಕೊಡುತ್ತೇನೆ, ಕಂಟ್ರೋಲರಿಗೆ ನಾಲ್ಕು, ಕ್ಲಚ್ ಕಿಟ್ಟಿಗೆ ಪೂರ್ತಿ ಐದು. ಕಂಪನಿ ಸೈಲೆನ್ಸರ್ ಮಾರಿರಲಿಲ್ಲ, ಎಣ್ಣೆ ಒರೆಸಿ ಗೋಣಿಚೀಲ ಸುತ್ತಿ ಅಟ್ಟದ ಮೇಲಿಟ್ಟಿದ್ದೆ. ಕಾಕಾನ ಎಮ್ಮೆ ಈ ಶ್ರಾವಣದಲ್ಲಿ ಈದಿದೆ. ಕರು ದೊಡ್ಡದಾಗುವವರೆಗೆ ಹಳೆಯದನ್ನೇ ಹಾಕಿ ಓಡಿಸುತ್ತಿದ್ದೇನೆ, ಮ್ಯಾಪಿನ ಹಳೆಯ ಫೈಲೂ ಲ್ಯಾಪ್‌ಟಾಪಿನಲ್ಲಿ ಇದೆ.