ಚಿತ್ತಾಪುರದ ಬಯಲಿನಲ್ಲಿ ‘ದಾಮಿನಿ’: ಸಿಡಿಲಿನ ಆ್ಯಪ್ ಯಾರ ಕೈಯಲ್ಲಿರಬೇಕು?

ಸಿಡಿಲಿನ ಮುನ್ನೆಚ್ಚರಿಕೆ ನೀಡುವ ‘ದಾಮಿನಿ’ ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆ ರೂಪಿಸಿದ ಉಚಿತ ಆ್ಯಪ್. ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನ ನಮ್ಮ ಊರಿನ ವಿಪತ್ತು ನಿರ್ವಹಣಾ ಯೋಜನೆಗೆ ಮಾಹಿತಿ ಕಲೆಹಾಕುವವರಲ್ಲಿ ನಾನೂ ಒಬ್ಬನಾಗಿದ್ದರಿಂದ, ಭರಣಿ ಮಳೆ ಹೂಡಿದಂದಿನಿಂದ ರೋಹಿಣಿ ಮುಗಿಯುವವರೆಗೆ ಇದನ್ನು ದಿನವೂ ತೆರೆದು ನೋಡಿದ್ದೇನೆ.

ಆ್ಯಪ್ ತೆರೆದರೆ ನಕಾಶೆಯ ನಡುವೆ ನಾವಿರುವ ಜಾಗ, ಅದರ ಸುತ್ತ 20 ಮತ್ತು 40 ಕಿ.ಮೀ.ಗಳ ವ್ಯಾಪ್ತಿ ಕಾಣುತ್ತದೆ. ಸಿಡಿಲು ಹೊಮ್ಮಿಸುವ ರೇಡಿಯೊ ಅಲೆಗಳನ್ನು ದೇಶದ ಹಲವೆಡೆ ಇರುವ ಸಂವೇದಕಗಳು ಹಿಡಿದು, ಅದು ಎಲ್ಲಿ ಸಂಭವಿಸಿತೆಂದು ಲೆಕ್ಕ ಹಾಕುತ್ತವೆ. ನಕಾಶೆಯಲ್ಲಿ ಸಿಡಿಲು ಚುಕ್ಕೆಯಾಗಿ ಕಾಣುತ್ತದೆ: ಕಳೆದ 5 ನಿಮಿಷದೊಳಗಿನದು ಕೆಂಪು, 5ರಿಂದ 10 ನಿಮಿಷದ್ದು ಹಳದಿ, 10ರಿಂದ 15 ನಿಮಿಷದ್ದು ನೀಲಿ. ಇದನ್ನು ಓದುವ ಕ್ರಮ ಕೈಗೆ ಹತ್ತಲು ನನಗೆ ಕೆಲವು ದಿನ ಬೇಕಾದವು. ನೀಲಿ ಚುಕ್ಕೆ ದೂರದಲ್ಲಿ, ಹಳದಿ ಅದಕ್ಕಿಂತ ಈಚೆಗೆ, ಕೆಂಪು ಇನ್ನೂ ಈಚೆಗೆ ಬಂದಿದ್ದರೆ ಮೋಡ ನಮ್ಮತ್ತ ಸಾಗುತ್ತಿದೆ ಎಂದರ್ಥ. ಬಣ್ಣಗಳ ಸಾಲು ತಿರುವುಮುರುವಾಗಿದ್ದರೆ ದೂರ ಸರಿಯುತ್ತಿದೆ. ಅಕ್ಷರ ಬಾರದವರಿಗೂ ಇದನ್ನು ತೋರಿಸಿಕೊಡಬಹುದು, ಈ ಆ್ಯಪ್‌ನಲ್ಲಿ ನಾನು ಬಹುವಾಗಿ ಮೆಚ್ಚಿದ್ದು ಅದನ್ನೇ.

ಆದರೆ 20 ಕಿ.ಮೀ. ಎಂಬುದು ಹೊಲದ ಕೆಲಸದವರಿಗೆ ಬಹಳ ಅಗಲವಾದ ಅಳತೆ. ಮುಂಗಾರಿಗೆ ಮುಂಚಿನ ಮಳೆಗಾಲದ ಮಧ್ಯಾಹ್ನಗಳಲ್ಲಿ ಆ ವ್ಯಾಪ್ತಿಯೊಳಗೆ ಚುಕ್ಕೆ ಕಂಡಾಗಲೆಲ್ಲ ಕೆಲಸ ಬಿಡಿರೆಂದರೆ, ನಾಲ್ಕನೆಯ ದಿನ ಯಾರೂ ಕಿವಿಗೊಡುವುದಿಲ್ಲ. ಹೀಗಾಗಿ ಚುಕ್ಕೆ ಕಂಡೊಡನೆ ಸಾಮಾನು ಕಟ್ಟಿಕೊಳ್ಳುವುದು, ಮಿಂಚಿಗೂ ಗುಡುಗಿಗೂ ನಡುವೆ 30 ಎಣಿಸುವಷ್ಟು ಹೊತ್ತೂ ಇಲ್ಲದಿದ್ದರೆ, ಅಂದರೆ ಸಿಡಿಲು ಸುಮಾರು 10 ಕಿ.ಮೀ. ಒಳಗೆ ಬಂದಿದ್ದರೆ, ಎದ್ದೇಬಿಡುವುದು, ಕೊನೆಯ ಗುಡುಗಿನ ಬಳಿಕ 30 ನಿಮಿಷ ಹೊರಬರದಿರುವುದು ಎಂಬ ಕ್ರಮವನ್ನು ಆ್ಯಪ್‌ಗೆ ಜೋಡಿಸಿಕೊಂಡೆವು. “ಮಳಿ ಇನ್ನಾ ಬಂದೇ ಇಲ್ಲಲ್ರೀ ಯಪ್ಪಾ, ಈಗ್ಯಾಕ ಏಳಬೇಕು?” ಎಂದು ಹಿರಿಯರೊಬ್ಬರು ಕೇಳಿದ್ದರು. ಮಳೆಯ ಹನಿ ಬೀಳುವ ಮುನ್ನವೇ, ಮೋಡದಿಂದ ಹತ್ತು ಕಿ.ಮೀ. ಆಚೆಗೂ ಸಿಡಿಲು ಬಡಿಯಬಲ್ಲದೆಂಬುದನ್ನು ಅವರಿಗೆ ಮತ್ತೆ ಮತ್ತೆ ಹೇಳಬೇಕಾಯಿತು.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ 2,887 ಜನ ಸಿಡಿಲಿಗೆ ಬಲಿಯಾದರು. ನಮ್ಮ ಎರೆಭೂಮಿಯ ಬಯಲಿನಲ್ಲಿ ನಿಂತ ಮನುಷ್ಯನೇ ಎಷ್ಟೋ ಕಡೆ ಎತ್ತರದ ವಸ್ತು. ಕೆಲಸಕ್ಕೆ ಬಂದ ಹೆಣ್ಣುಮಕ್ಕಳು ಫೋನನ್ನು ಬುತ್ತಿಯ ಚೀಲದಲ್ಲಿಟ್ಟು, ಆ ಚೀಲವನ್ನು ಬದುವಿನ ಬೇವಿನ ಮರಕ್ಕೆ ತೂಗುಹಾಕುತ್ತಾರೆ. ಎಚ್ಚರಿಕೆ ಅಲ್ಲಿ ಸದ್ದು ಮಾಡಿದರೆ ಕೇಳುವವರಿಲ್ಲ. ಕೇಳಿ ಓಡಿಬಂದರೂ ಸೇರುವುದು ಅದೇ ಮರದಡಿಗೆ, ಸಿಡಿಲಿನ ವೇಳೆ ಎಲ್ಲಕ್ಕಿಂತ ಮೊದಲು ಬಿಟ್ಟು ಹೋಗಬೇಕಾದ ಜಾಗಕ್ಕೆ. ಕುರಿಗಾಹಿಗಳದು ಇನ್ನೂ ಕಷ್ಟ. ಮಂದೆ ಮರದಡಿ ಒತ್ತಾಗಿ ನಿಂತಾಗ ಮರಕ್ಕೆ ಬಡಿದ ವಿದ್ಯುತ್ತು ನೆಲದಲ್ಲಿ ಹರಡಿ, ಒಂದು ಕಾಲಿನಿಂದ ಏರಿ ಇನ್ನೊಂದರಿಂದ ಇಳಿಯುವುದರಿಂದ ಒಂದೇ ಏಟಿಗೆ ಹಲವು ಕುರಿಗಳು ಸಾಯುತ್ತವೆ.

ಯೋಜನೆಯ ಕಡತದಲ್ಲಿ ಊರಿನ ಜನಸಂಖ್ಯೆ, ಮನೆಗಳ ಲೆಕ್ಕ ಎಲ್ಲವೂ ಇದ್ದವು; ಮೇ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ ಯಾರು ಎಲ್ಲಿರುತ್ತಾರೆ ಎಂಬುದು ಇರಲಿಲ್ಲ. ಅಪಾಯದ ಅಂದಾಜು ಅಲ್ಲಿಂದಲೇ ಆರಂಭವಾಗಬೇಕೆಂಬುದು ನನ್ನ ದೃಢ ಅಭಿಪ್ರಾಯ. ಬೇಸಿಗೆಯಲ್ಲಿ ಕೆರೆ ಹೂಳೆತ್ತುವ ಉದ್ಯೋಗ ಖಾತ್ರಿ ಕೆಲಸಕ್ಕೆ ಒಂದೇ ಬಯಲಿನಲ್ಲಿ ನೂರಾರು ಜನ ಸೇರುತ್ತಾರೆ, ಹಾಜರಾತಿಗಾಗಿ ಸ್ಮಾರ್ಟ್‌ಫೋನ್ ಹಿಡಿದ ಕಾಯಕ ಬಂಧುವೂ (ಕೂಲಿಕಾರರ ತಂಡದ ಮೇಲ್ವಿಚಾರಕರು) ಅಲ್ಲಿರುತ್ತಾರೆ. ‘ದಾಮಿನಿ’ ಮೊದಲು ಇರಬೇಕಾದದ್ದು ಅವರ ಫೋನಿನಲ್ಲಿ, ಕೊರಳಲ್ಲಿ ಒಂದು ಸೀಟಿಯ ಜೊತೆಗೆ.

ಇಂಟರ್‌ನೆಟ್ ಮತ್ತು ಲೊಕೇಶನ್ ಎರಡೂ ಚಾಲೂ ಇಡಬಲ್ಲವರು ಈ ಆ್ಯಪನ್ನು ನಿಸ್ಸಂಕೋಚವಾಗಿ ಹಾಕಿಕೊಳ್ಳಬಹುದು. ನಮ್ಮಲ್ಲಿ ಇನ್ನೂ ಬಗೆಹರಿಯದೆ ಉಳಿದಿರುವುದು ಕಾಗಿಣಾ ನದಿಯ ದಂಡೆಯ ಹೊಲಗಳ ಮಾತು. ಅಲ್ಲಿಂದ ಊರಿನ ಶಾಲೆಗೆ ನಡೆದು ಬರಲು ನಲವತ್ತು ನಿಮಿಷ ಬೇಕು, ಆ್ಯಪ್ ಕೊಡುವ ಸಮಯ ಅದಕ್ಕೆ ಸಾಲದು, ನಡುವೆ ಇರುವುದು ಮೂರು ಕಡೆ ತೆರೆದ ಒಂದು ತಗಡಿನ ಶೆಡ್ ಮಾತ್ರ. ಆ ದಾರಿಯಲ್ಲಿ ಗೋಡೆ, ಬಾಗಿಲು, ಮಿಂಚು ನಿರೋಧಕವಿರುವ ಒಂದು ಪಕ್ಕಾ ಕೋಣೆ ಕಟ್ಟಿಸಬೇಕೆಂದು ಪಂಚಾಯಿತಿಗೆ ಅರ್ಜಿ ಬರೆದು, ಆ ಹೊಲಗಳಿಗೆ ಹೋಗುವವರೆಲ್ಲರ ಸಹಿ, ಹೆಬ್ಬೆಟ್ಟು ಹಾಕಿಸಿದ್ದೇವೆ.