ಪಾಪೆ ಹಿಗ್ಗಿಸುವ ಕಣ್ಣಿನ ಹನಿ: ಟ್ರೋಪಿಕಮೈಡ್ ಮತ್ತು ಫಿನೈಲೆಫ್ರಿನ್ ಮಿಶ್ರಣದ ವಿಮರ್ಶೆ

ಸಕ್ಕರೆ ಕಾಯಿಲೆ ಇರುವವರು ವರ್ಷಕ್ಕೊಮ್ಮೆಯಾದರೂ ರೆಟಿನಾ (ಕಣ್ಣಿನ ಹಿಂಭಾಗದ ಪರದೆ) ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ವೈದ್ಯರು ಒತ್ತಿ ಹೇಳುತ್ತಾರೆ. ಆದರೆ ಆ ಪರೀಕ್ಷೆಗೆ ಮೊದಲು ಹಾಕುವ ಹನಿಯ ಬಗ್ಗೆ ರೋಗಿಗೆ ತಿಳಿಯುವುದು ತೀರ ಕಡಿಮೆ. ನಮ್ಮ ಕಣ್ಣಿನ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಕಾಣುವುದು ಶೇ. 0.8 ಟ್ರೋಪಿಕಮೈಡ್ ಮತ್ತು ಶೇ. 5 ಫಿನೈಲೆಫ್ರಿನ್ ಬೆರೆಸಿದ 5 ಮಿ.ಲೀ. ಬಾಟಲಿ. ಬೇರೆ ಬೇರೆ ಕಂಪನಿಗಳು ಬೇರೆ ಬೇರೆ ಹೆಸರಿನಲ್ಲಿ ಮಾರಿದರೂ ಒಳಗಿರುವ ಔಷಧ ಇದೇ. ಪ್ರತಿ ವರ್ಷ ಇದನ್ನು ಹಾಕಿಸಿಕೊಳ್ಳುವ ನನ್ನ ಅನುಭವದಲ್ಲಿ ಇದು ನಂಬಿಕೆಗೆ ಅರ್ಹವಾದ ಔಷಧ. ಆದರೆ ಹಾಕುವ ಮುನ್ನ ಕೇಳಬೇಕಾದ ಪ್ರಶ್ನೆಗಳನ್ನು ಕೇಳಿ ಹಾಕಿದಾಗ ಮಾತ್ರ ಈ ಮಾತು ನಿಜವಾಗುತ್ತದೆ.

ಒಂದೇ ಬಾಟಲಿಯಲ್ಲಿ ಎರಡು ಔಷಧ ಏಕೆಂದರೆ, ಪಾಪೆಯ ಗಾತ್ರವನ್ನು ಎರಡು ಸ್ನಾಯುಗಳು ನಿಯಂತ್ರಿಸುತ್ತವೆ. ಪಾಪೆಯನ್ನು ಕುಗ್ಗಿಸುವ ಸ್ನಾಯುವನ್ನು ಟ್ರೋಪಿಕಮೈಡ್ ತಾತ್ಕಾಲಿಕವಾಗಿ ಸಡಿಲಗೊಳಿಸಿದರೆ, ಹಿಗ್ಗಿಸುವ ಸ್ನಾಯುವನ್ನು ಫಿನೈಲೆಫ್ರಿನ್ ಎಳೆದು ಹಿಡಿಯುತ್ತದೆ. ಹೀಗೆ ಎರಡೂ ಕಡೆಯಿಂದ ಕೆಲಸ ನಡೆಯುವುದರಿಂದ, ವೈದ್ಯರು ಕಣ್ಣು ನೋಡುವ ಸೂಕ್ಷ್ಮದರ್ಶಕವಾದ ಸ್ಲಿಟ್ ಲ್ಯಾಂಪಿನ ಪ್ರಖರ ಬೆಳಕು ಬಿದ್ದರೂ ಪಾಪೆ ಸುಲಭವಾಗಿ ಮುದುಡಿಕೊಳ್ಳುವುದಿಲ್ಲ. ದೀರ್ಘಕಾಲದಿಂದ ಸಕ್ಕರೆ ಕಾಯಿಲೆ ಇರುವವರ ಪಾಪೆ ಎಷ್ಟೋ ಸಲ ಸರಿಯಾಗಿ ಹಿಗ್ಗುವುದಿಲ್ಲವಾದ್ದರಿಂದ ಅಂಥವರಿಗೆ ಈ ಜೋಡಿ ಹೆಚ್ಚು ಉಪಯುಕ್ತ.

ಹನಿ ಬಿದ್ದ ಕೂಡಲೇ ಕಣ್ಣು ಚುರ್ರೆನ್ನುತ್ತದೆ. ಕೆಲವೆಡೆ ಮೊದಲೇ ಮರಗಟ್ಟಿಸುವ ಹನಿ ಹಾಕುತ್ತಾರೆ, ಆಗ ಉರಿ ಅಷ್ಟಾಗಿ ತಿಳಿಯುವುದಿಲ್ಲ. ಸ್ವಲ್ಪ ಹೊತ್ತಿನಲ್ಲಿ ಗಂಟಲಿನ ಹಿಂಭಾಗದಲ್ಲಿ ಕಹಿ ರುಚಿ ಕಾಣಿಸಿಕೊಳ್ಳುತ್ತದೆ. ಕಣ್ಣೀರಿನ ನಾಳದ ಮೂಲಕ ಔಷಧ ಮೂಗಿಗೂ ಗಂಟಲಿಗೂ ಇಳಿಯುವುದೇ ಇದಕ್ಕೆ ಕಾರಣ. ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಮೆಲ್ಲಗೆ ಒತ್ತಿ ಹಿಡಿದರೆ ಕಹಿಯೂ ಕಡಿಮೆ, ರಕ್ತಕ್ಕೆ ಸೇರುವ ಔಷಧವೂ ಕಡಿಮೆ. ಇದನ್ನು ತಾವಾಗಿಯೇ ಹೇಳಿಕೊಟ್ಟ ಸಿಸ್ಟರ್ ಒಬ್ಬರು ನಾನು ಹೋಗುವ ಆಸ್ಪತ್ರೆಯಲ್ಲಿದ್ದಾರೆ, ಅವರಿಗೆ ನಾನು ಕೃತಜ್ಞ. ಫಿನೈಲೆಫ್ರಿನ್ ರಕ್ತನಾಳಗಳನ್ನು ಸಂಕುಚಿಸುವುದರಿಂದ ಕಣ್ಣಿನ ಬಿಳಿ ಭಾಗ ಎಂದಿಗಿಂತ ಹೆಚ್ಚು ಬೆಳ್ಳಗಾಗಿ, ಮೇಲಿನ ರೆಪ್ಪೆ ತುಸು ಮೇಲಕ್ಕೇರುತ್ತದೆ. ಕನ್ನಡಿಯಲ್ಲಿ ನೋಡಿಕೊಂಡವರು ಗಾಬರಿಯಾಗಬೇಕಿಲ್ಲ.

ಪಾಪೆ ಹಿಗ್ಗಲು ಸಾಮಾನ್ಯವಾಗಿ ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ನಮ್ಮಂಥ ಗಾಢ ಬಣ್ಣದ ಕಣ್ಣಿನಲ್ಲಿರುವ ವರ್ಣದ್ರವ್ಯವು ಔಷಧದ ಒಂದಷ್ಟು ಭಾಗವನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ಪರಿಣಾಮ ನಿಧಾನವಾಗಿ ಕಾಣಿಸುತ್ತದೆ, ಹತ್ತು ಹದಿನೈದು ನಿಮಿಷಗಳ ಅಂತರದಲ್ಲಿ ಮತ್ತೆ ಹನಿ ಹಾಕಬೇಕಾಗುತ್ತದೆ. ಸರದಿ ತಪ್ಪಿತೆಂದು ಬೇಸರಪಡುವವರಿಗೆ ಈ ಕಾರಣವನ್ನು ಒಂದು ಮಾತಿನಲ್ಲಿ ತಿಳಿಸಿದರೆ ಕಾಯುವ ಕೊಠಡಿಯ ಅರ್ಧ ಅಸಮಾಧಾನ ಇಳಿಯುತ್ತದೆ.

ಇನ್ನು ಪರಿಣಾಮ ಇಳಿಯುವ ಕಾಲ. ನಾಲ್ಕರಿಂದ ಎಂಟು ಗಂಟೆಗಳಲ್ಲಿ ಬಹುಮಟ್ಟಿಗೆ ಸರಿಹೋಗುತ್ತದೆ, ಕೆಲವರಿಗೆ ಪೂರ್ತಿ ಒಂದು ದಿನ ಹಿಡಿಯುತ್ತದೆ. ಹತ್ತಿರದ ಅಕ್ಷರ ಮೊದಲು ತಿಳಿಯಾಗುತ್ತದೆ, ಬಿಸಿಲಿನ ಝಳ ಮಾತ್ರ ಆಮೇಲೂ ಕಾಡುತ್ತದೆ. ಆಸ್ಪತ್ರೆಯಿಂದ ಹೊರಬಂದಾಗ ಎದುರಿಗೆ ನಿಂತ ಕಾರಿನ ಗಾಜಿನ ಮೇಲಿನ ಬಿಸಿಲು ಕಣ್ಣಿಗೆ ಚುಚ್ಚುತ್ತದೆ, ಮೊಬೈಲಿನಲ್ಲಿ ಬಂದ ಒಟಿಪಿಯ ಅಂಕಿಗಳು ಒಂದರೊಳಗೊಂದು ಕಲಸಿಕೊಂಡಂತೆ ಕಾಣುತ್ತವೆ. ತಂಪು ಕನ್ನಡಕ, ಜೊತೆಗೊಬ್ಬರು, ಆಟೋಗೆ ಬೇಕಾದ ಚಿಲ್ಲರೆ ಇಷ್ಟಿದ್ದರೆ ಸಾಕು. ಆ ದಿನ ಬೈಕು ಮತ್ತು ಕಾರು ಓಡಿಸುವುದು ಬೇಡವೇ ಬೇಡ.

ಈ ಮಿಶ್ರಣ ಎಲ್ಲರಿಗೂ ಹೊಂದುವುದಿಲ್ಲ. ಫಿನೈಲೆಫ್ರಿನ್ ರಕ್ತದೊತ್ತಡವನ್ನು ಏರಿಸಬಲ್ಲದು, ಶೇ. 10ರ ಸಾಂದ್ರತೆಯಲ್ಲಿ ಈ ಅಪಾಯ ಹೆಚ್ಚು. ಬಿ.ಪಿ. ಹತೋಟಿಯಲ್ಲಿಲ್ಲದವರು ಮತ್ತು ಹೃದ್ರೋಗಿಗಳು ಹನಿ ಹಾಕುವ ಮೊದಲೇ ಅದನ್ನು ಹೇಳಬೇಕು. ನಮ್ಮ ಅಮ್ಮನ ಬಿ.ಪಿ. ನೋಡಿದ ವೈದ್ಯರು ಟ್ರೋಪಿಕಮೈಡ್ ಮಾತ್ರ ಇರುವ ಹನಿ ಹಾಕಿಸಿದರು. ಪಾಪೆ ಹಿಗ್ಗಲು ಹೆಚ್ಚು ಹೊತ್ತು ಹಿಡಿಯಿತು, ಪರೀಕ್ಷೆಗೆ ಯಾವ ಕೊರತೆಯೂ ಆಗಲಿಲ್ಲ. ಇದಕ್ಕೆ ವಿರುದ್ಧವಾಗಿ, ನಾನು ಹಿಂದೆ ಹೋಗುತ್ತಿದ್ದ ಒಂದು ಚಿಕಿತ್ಸಾಲಯದಲ್ಲಿ ಸಾಲಾಗಿ ಕುಳಿತವರೆಲ್ಲರ ಕಣ್ಣಿಗೂ ಏನೊಂದೂ ಕೇಳದೆ ಒಂದೇ ಬಾಟಲಿಯಿಂದ ಹನಿ ಹಾಕಿಕೊಂಡು ಹೋಗುತ್ತಿದ್ದರು, ಬಾಟಲಿಯ ತುದಿ ಒಬ್ಬರ ರೆಪ್ಪೆಗೂದಲಿಗೆ ತಾಗಿದ್ದನ್ನು ನಾನು ಕಂಡಿದ್ದೇನೆ. ಸೋಂಕು ಹರಡುವುದು ಹೀಗೆಯೇ, ಇದನ್ನು ಸಣ್ಣ ಲೋಪವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಬಾಟಲಿ ತೆರೆದ ದಿನಾಂಕವನ್ನು ಅದರ ಮೇಲೆಯೇ ಬರೆದಿಡುವುದು, ತಿಂಗಳಾದ ಮೇಲೆ ಎಸೆಯುವುದು ಎಲ್ಲ ಕಡೆಯೂ ಕಟ್ಟುನಿಟ್ಟಾಗಿ ನಡೆಯಬೇಕು.

ಮಕ್ಕಳ ಕನ್ನಡಕದ ನಂಬರು ನೋಡಲು ಈ ಹನಿ ಸಾಮಾನ್ಯವಾಗಿ ಸಾಲದು. ಮಸೂರವನ್ನು ಹೊಂದಿಸುವ ಸ್ನಾಯುವನ್ನೂ ಪೂರ್ತಿಯಾಗಿ ಸಡಿಲಿಸುವ ಸೈಕ್ಲೋಪೆಂಟೊಲೇಟ್ ಅಥವಾ ಅಟ್ರೋಪಿನ್ ಬೇಕಾಗುತ್ತದೆ. ಅಟ್ರೋಪಿನ್ ಪ್ರಭಾವ ಒಂದೆರಡು ವಾರ ಉಳಿಯುವುದರಿಂದ ಶಾಲೆಯ ಪರೀಕ್ಷೆಗಳ ಸಮಯದಲ್ಲಿ ಅದನ್ನು ಹಾಕಿಸದಿರುವುದು ಒಳ್ಳೆಯದು.

ಹನಿಯೇ ಇಲ್ಲದೆ ರೆಟಿನಾದ ಚಿತ್ರ ತೆಗೆಯುವ ಕ್ಯಾಮೆರಾಗಳು ಬಂದಿವೆಯಲ್ಲ, ಮತ್ತೇಕೆ ಈ ಕಷ್ಟ ಎಂದು ಕೇಳುವವರಿದ್ದಾರೆ. ತಪಾಸಣಾ ಶಿಬಿರಗಳಲ್ಲಿ ಅವು ಬಹಳ ಉಪಯುಕ್ತ. ಆದರೆ ಕಣ್ಣ ಮುಂದೆ ಇದ್ದಕ್ಕಿದ್ದಂತೆ ಕಪ್ಪು ಚುಕ್ಕೆಗಳು ತೇಲಿದರೆ, ಮಿಂಚು ಹೊಡೆದಂತೆ ಕಂಡರೆ, ರೆಟಿನಾದ ಅಂಚಿನಲ್ಲಿ ಹರಿದಿದೆಯೇ ಎಂದು ನೋಡಬೇಕಾಗುತ್ತದೆ. ಆ ಅಂಚನ್ನು ಸರಿಯಾಗಿ ನೋಡಲು ಪಾಪೆ ಹಿಗ್ಗಲೇಬೇಕು. ಅರ್ಧ ದಿನದ ಮಬ್ಬಿಗೆ ಹೆದರಿ ಇಂಥ ಪರೀಕ್ಷೆಯನ್ನು ಮುಂದೂಡಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಆಸ್ಪತ್ರೆಗಳಿಂದ ನನ್ನ ನಿರೀಕ್ಷೆ ಕನ್ನಡದಲ್ಲಿ ಅಚ್ಚಾದ ಒಂದು ಚೀಟಿ. ಕಣ್ಣಿನ ಮುಂಭಾಗದ ಕೋನ, ಅಂದರೆ ಕಣ್ಣಿನೊಳಗಿನ ದ್ರವ ಹೊರಹೋಗುವ ಜಾಗ, ಕಿರಿದಾಗಿರುವ ಕೆಲವರಲ್ಲಿ ಪಾಪೆ ಹಿಗ್ಗಿದಾಗ ಕಣ್ಣಿನೊಳಗಿನ ಒತ್ತಡ ಹಠಾತ್ತನೆ ಏರುವ ಸಾಧ್ಯತೆ ಇದೆ. ಇದು ವಿರಳ, ಆದರೆ ತಡಮಾಡಿದರೆ ದೃಷ್ಟಿಗೇ ಕುತ್ತು. ಮನೆಗೆ ಹೋದ ಮೇಲೆ ಕಣ್ಣು ಕೆಂಪಾಗಿ ತೀವ್ರವಾಗಿ ನೋಯತೊಡಗಿದರೆ, ತಲೆನೋವಿನ ಜೊತೆ ವಾಂತಿ ಬಂದರೆ, ದೀಪದ ಸುತ್ತ ಬಣ್ಣದ ಬಳೆ ಕಂಡರೆ ಬೆಳಗಾಗುವವರೆಗೆ ಕಾಯದೆ ತುರ್ತು ವಿಭಾಗಕ್ಕೆ ಬರಬೇಕೆಂದು ಆ ಚೀಟಿಯಲ್ಲಿ ದಪ್ಪ ಅಕ್ಷರಗಳಲ್ಲಿ ಇರಬೇಕು, ಕೆಳಗೆ ರಾತ್ರಿಯೂ ಕರೆ ಮಾಡಬಹುದಾದ ದೂರವಾಣಿ ಸಂಖ್ಯೆ ಇರಬೇಕು.