ಧರೆ ಕಡಿಸಲು ತರಿಸಿದ ಹೊಸ ಮಾಡೆಲ್ ಜೆಸಿಬಿ: ಹೊಗೆ ಬೇಡ ಅನ್ನುವವರು ಓದಿ

ಮಂಡಗದ್ದೆ ಕಡೆಯವರೊಬ್ಬರು ಬಾಡಿಗೆಗೆ ಬಿಡುವ ಹೊಸ ಜೆಸಿಬಿ ಬಗ್ಗೆ ಇದು. ಕೆಲಸ ಚೆನ್ನಾಗಿದೆ. ರೇಟು ಸ್ವಲ್ಪ ಜಾಸ್ತಿ. ಹೊಗೆ ಕಣ್ಣಿಗೆ ಕಾಣುವುದೇ ಇಲ್ಲ. ಈ ಹೊಗೆಯ ಕಾರಣಕ್ಕೇ ಗೊತ್ತಿದ್ದವರಿಗೆಲ್ಲ ಇವರನ್ನೇ ಕರೆಯಿರಿ ಅನ್ನುತ್ತಿದ್ದೇನೆ.

ನಮ್ಮ ಮನೆ ತೀರ್ಥಹಳ್ಳಿ ಹತ್ತಿರ, ಗುಡ್ಡದ ಬುಡದಲ್ಲಿ. ಹಿಂದೆ ಧರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ, ಮುಂದೆ ಅಡಿಕೆ ತೋಟ. ಇಂಥ ಜಾಗದಲ್ಲಿ ಹೊಗೆ ಬೇಗ ಚದುರುವುದಿಲ್ಲ, ಚಳಿಗಾಲದ ಬೆಳಿಗ್ಗೆಯಂತೂ ಅಂಗಳದಲ್ಲೇ ನಿಂತುಬಿಡುತ್ತದೆ. ಹೋದ ವರ್ಷ ಬೇರೆಯವರ ಹಳೆಯ ಗಾಡಿ ಬಂದಿತ್ತು. ಬಕೆಟ್ ಎತ್ತಿದಾಗಲೆಲ್ಲ ಕಪ್ಪು ಹೊಗೆ, ಆಪರೇಟರ್ ಊಟಕ್ಕೆ ಕೂತರೂ ಇಂಜಿನ್ ಆನ್. ಅಮ್ಮನಿಗೆ ಮೊದಲೇ ಉಬ್ಬಸ. ಕೆಲಸ ಮುಗಿಯುವವರೆಗೂ ಅವರಿಗೆ ಸರಿಯಾಗಿ ನಿದ್ದೆ ಇರಲಿಲ್ಲ.

ಡೀಸೆಲ್ ಹೊಗೆ ಅಂದರೆ ಬರೀ ವಾಸನೆ ಅಂತ ಬಿಟ್ಟುಬಿಡಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಇದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ, ತಂಬಾಕಿನ ಹೊಗೆ ಇರುವುದೂ ಅದೇ ಗುಂಪಿನಲ್ಲಿ. ಮಸಿಯ ಕಣಗಳು 2.5 ಮೈಕ್ರಾನ್‌ಗಿಂತಲೂ ಸಣ್ಣವು, ಶ್ವಾಸಕೋಶದ ತಳಕ್ಕೆ ಇಳಿಯುತ್ತವೆ, ಹೃದಯಕ್ಕೂ ಒಳ್ಳೆಯದಲ್ಲ. ಎಲ್ಲರಿಗಿಂತ ಜಾಸ್ತಿ ಇದನ್ನು ಕುಡಿಯುವುದು ಗಾಡಿಯ ಪಕ್ಕದಲ್ಲೇ ದಿನವಿಡೀ ನಿಲ್ಲುವ ಕೂಲಿಯವರು ಮತ್ತು ಆಪರೇಟರ್. ಅವರ ಬಗ್ಗೆ ಯಾರು ಕೇಳುತ್ತಾರೆ ಹೇಳಿ?

ಈ ಸಲ ಬಂದದ್ದು ಸರ್ಕಾರದ ಹೊಗೆ ಮಿತಿಯ ನಿಯಮದಲ್ಲಿ ಐದನೇ ಹಂತದ ಗಾಡಿ. ನಮ್ಮಲ್ಲಿ ಇಂಥ ಯಂತ್ರಗಳಿಗೆ ನಾಲ್ಕನೇ ಹಂತದ ನಿಯಮ 2021ರ ಏಪ್ರಿಲ್‌ನಲ್ಲಿ ಬಂತು, ಐದನೆಯದು 2025ರ ಜನವರಿಯಲ್ಲಿ. ಆದರೆ ಇದು ಹೊಸದಾಗಿ ತಯಾರಾಗುವ ಗಾಡಿಗಳಿಗೆ ಮಾತ್ರ. ಹಳೆಯವು ಇನ್ನೂ ವರ್ಷಗಟ್ಟಲೆ ಓಡುತ್ತವೆ. ಹಾಗಾಗಿ ಯಾವ ಗಾಡಿ ಕಳಿಸುತ್ತೀರಿ, ಯಾವ ವರ್ಷದ್ದು ಅಂತ ದುಡ್ಡು ಕೊಡುವ ನಾವೇ ಫೋನಿನಲ್ಲಿ ಕೇಳಬೇಕು. ಇವರು ಕೇಳಿದ ತಕ್ಷಣ ಆರ್‌ಸಿಯ ಫೋಟೋ ಕಳಿಸಿದರು.

ಗಾಡಿಯ ಹೊಗೆ ಕೊಳವೆಯಲ್ಲಿ ಡಿಪಿಎಫ್ ಅನ್ನುವ ಫಿಲ್ಟರ್ ಇದೆ. ಮಸಿ ಅದರಲ್ಲೇ ಸಿಕ್ಕಿಕೊಳ್ಳುತ್ತದೆ, ತುಂಬಿದಾಗ ಬಿಸಿ ಏರಿಸಿ ಸುಡಬೇಕು. ಮಧ್ಯಾಹ್ನ ಒಮ್ಮೆ ಬಕೆಟ್ ಕೆಳಗಿಟ್ಟು, ಗಾಡಿ ನಿಲ್ಲಿಸಿ, ಇಂಜಿನ್ ಜೋರಾಗಿ ಓಡಿಸತೊಡಗಿದರು. ಈ ಹೊತ್ತೂ ಬಿಲ್ಲಿಗೆ ಸೇರುತ್ತಾ ಅಂತ ಕೇಳಿದೆ. “ಇಲ್ಲ ಅಣ್ಣ, ಫಿಲ್ಟರ್ ಕ್ಲೀನ್ ಆಗ್ತಾ ಇದೆ, ಇದನ್ನ ಲೆಕ್ಕಕ್ಕೆ ಹಿಡಿಯಲ್ಲ” ಅಂದರು ಆಪರೇಟರ್. ಹಾಗೆಯೇ ಬಿಲ್ಲಿನಲ್ಲಿ ಕಳೆದಿದ್ದರು.

ಡೀಸೆಲ್ ಕೂಡ ಬಂಕಿನದೇ. 2020ರ ಏಪ್ರಿಲ್‌ನಿಂದ ಬರುತ್ತಿರುವ ಬಿಎಸ್ 6 ಡೀಸೆಲ್‌ನಲ್ಲಿ ಗಂಧಕದ ಮಿತಿ 10 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗಕ್ಕೆ ಹತ್ತು ಭಾಗ ಅಷ್ಟೇ, ಕಲಬೆರಕೆ ಹಾಕಿದರೆ ಈ ಫಿಲ್ಟರ್ ಬಾಳುವುದಿಲ್ಲ.

ನನಗೆ ತುಂಬಾ ಹಿಡಿಸಿದ್ದು ಇನ್ನೊಂದು. ಟಿಪ್ಪರ್ ಬರುವುದು ತಡವಾದರೆ, ಇಂಜಿನ್‌ಗೆ ಗಾಳಿ ಒತ್ತುವ ಟರ್ಬೊ ತಣಿಯಲಿ ಅಂತ ಒಂದೆರಡು ನಿಮಿಷ ಬಿಟ್ಟು, ಇಂಜಿನ್ ಆಫ್ ಮಾಡುತ್ತಿದ್ದರು. ನಾವು ಹೇಳಬೇಕಾಗಿ ಬರಲಿಲ್ಲ. ಇದಕ್ಕೆ ಹೊಸ ಗಾಡಿಯೇನೂ ಬೇಕಾಗಿಲ್ಲ ಅಲ್ವಾ? ಹಳೆಯ ಗಾಡಿಯವರೂ ಸುಮ್ನೆ ನಿಂತಾಗ ಆಫ್ ಮಾಡಿ, ಏರ್ ಫಿಲ್ಟರ್ ಧೂಳು ತೆಗೆಸಿ, ಡೀಸೆಲ್ ಚಿಮ್ಮಿಸುವ ನಾಝಲ್ ಸರಿಮಾಡಿಸಿದರೆ ಹೊಗೆ ಎಷ್ಟೋ ಕಡಿಮೆಯಾಗುತ್ತದೆ. ಡೀಸೆಲ್ಲೂ ಉಳಿಯುತ್ತದೆ.

ಇನ್ನು ಕೊರತೆ. ಗಂಟೆಗೆ ನೂರೈವತ್ತು ರೂಪಾಯಿ ಜಾಸ್ತಿ. ನಮ್ಮ ಕೆಲಸಕ್ಕೆ ಒಟ್ಟು ಆದ ಹೆಚ್ಚುವರಿ ಖರ್ಚು, ಹೋದ ವರ್ಷ ಅಮ್ಮನನ್ನು ಶಿವಮೊಗ್ಗಕ್ಕೆ ತೋರಿಸಲು ಕರೆದುಕೊಂಡು ಹೋದ ಖರ್ಚಿಗಿಂತ ಕಡಿಮೆಯೇ. ಧೂಳಿಗೆ ನೀರು ಹೊಡೆಯುವ ವ್ಯವಸ್ಥೆ ಅವರದಿಲ್ಲ, ತೋಟದ ಪೈಪು ನಾವೇ ಎಳೆದುಕೊಂಡೆವು. ಬಂಡೆ ಒಡೆಯುವ ಬ್ರೇಕರ್ ಗಾಡಿ ಮಾತ್ರ ಇವರಲ್ಲೂ ಹಳೆಯದೇ, ಅದನ್ನು ಮನೆ ಹತ್ತಿರ ತರಿಸಬೇಡಿ. ಬರೀ ಮಣ್ಣಿನ ಕೆಲಸವಾದರೆ ಧೈರ್ಯವಾಗಿ ಕರೆಯಿರಿ, ಐದಕ್ಕೆ ನಾಲ್ಕು ಕೊಡುತ್ತೇನೆ. ಯುಗಾದಿಗೆ ಮೊದಲೇ ಹೇಳಿಡಿ, ಆಮೇಲೆ ಮಳೆಗಾಲದವರೆಗೂ ಗಾಡಿ ಸಿಗುವುದು ಕಷ್ಟ.